ಬೆಕ್ಕಿನ ಮರಿಗೆ ಒಂದು ಗೆರೆ, ಎರಡು ಗೆರೆ

ಈ ಸಲ ಗದ್ದೆ ಸುದ್ದಿ ಅಲ್ಲ, ಬೆಕ್ಕಿನ ಸುದ್ದಿ. ಮನೆಯಲ್ಲಿ ಭತ್ತ ಇಟ್ಟವರಿಗೆ ಬೆಕ್ಕು ಬೇಕೇ ಬೇಕಲ್ಲ, ಹಾಗಾಗಿ ಬರೀತಿದ್ದೇನೆ.

ನಮ್ಮ ಬೆಕ್ಕು ಹುಲ್ಲುಕುತ್ರಿ ಬುಡದಲ್ಲಿ ಮೂರು ಮರಿ ಹಾಕಿತ್ತು. ಎರಡು ತಿಂಗಳಾಗುವಾಗ ಒಂದು ಮರಿ ತಿನ್ನುವುದು ಬಿಟ್ಟಿತು. ಒಸಡು ಸುಣ್ಣದ ಹಾಗೆ ಬಿಳಿ. ಹುಳದ ಉಪದ್ರ ಅಂತ ನಾನು ಸುಮ್ಮನಿದ್ದೆ, ನಾಲ್ಕು ದಿನದಲ್ಲಿ ಸತ್ತಿತು. ತಪ್ಪು ನನ್ನದೇ. ಉಳಿದ ಎರಡನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕುಂದಾಪುರಕ್ಕೆ ಡಾಕ್ಟರ ಹತ್ರ ತಕೊಂಡು ಹೋದೆ. "ಆ ದುಡ್ಡಿಗೆ ದನಕ್ಕೆ ಹಿಂಡಿ ಬರ್ತಿತ್ತು" ಅಂತ ಮನೆಯಲ್ಲಿ ಬೈಗುಳ ಬೇರೆ.

ಕಿಟ್ ಕೊರೋನಾ ಕಾಲದ್ದರ ಹಾಗೇ. ರಕ್ತದ ಹನಿ ಬಿಟ್ಟು ಹತ್ತು ನಿಮಿಷ ಕಾಯುವುದು. ಕರಿ ಮರಿಗೆ ಎರಡು ಗೆರೆ, ಬಿಳಿ ಮರಿಗೆ ಒಂದೇ.

ಕಾಯಿಲೆ ಹೆಸರು ಫೆಲೈನ್ ಲ್ಯುಕೇಮಿಯಾ. ಹೆಸರು ರಕ್ತದ ಕ್ಯಾನ್ಸರಿನದ್ದಾದರೂ ಇದು ವೈರಸ್; 1964ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಜಾರೆಟ್ ಎಂಬ ಪಶುವೈದ್ಯರ ತಂಡ ಕಂಡುಹಿಡಿದದ್ದು. ಕ್ಯಾನ್ಸರ್ ಎಲ್ಲದಕ್ಕೂ ಬರುವುದಿಲ್ಲ, ರಕ್ತ ಕಡಿಮೆಯಾಗಿ, ಬೇರೆ ಕಾಯಿಲೆ ತಡೆಯುವ ಶಕ್ತಿ ಹೋಗಿ ಸಾಯುವುದೂ ಉಂಟು. ಹರಡುವುದು ಜೊಲ್ಲಿನಿಂದ: ಒಂದನ್ನೊಂದು ನೆಕ್ಕುವುದು, ಒಂದೇ ತಟ್ಟೆ, ಕಚ್ಚಾಟ. ತಾಯಿಯಿಂದ ಮರಿಗೂ ಬರುತ್ತದೆ. ಮನುಷ್ಯರಿಗೆ, ದನಕ್ಕೆ, ನಾಯಿಗೆ ಬರುವುದಿಲ್ಲ.

ಕಿಟ್ ಹುಡುಕುವುದು ವೈರಸ್ಸಿನದೇ ಪ್ರೋಟೀನು. ಹಾಗಾಗಿ ಸಣ್ಣ ಮರಿಗೂ ಮಾಡಬಹುದು, ತಾಯಿ ಹಾಲಿನಿಂದ ಬಂದ ರೋಗನಿರೋಧಕ ಅಡ್ಡ ಬರುವುದಿಲ್ಲ. ಆದರೆ ಎರಡು ಗೆರೆ ಬಂದ ಕೂಡಲೇ ಮರಿ ಸತ್ತಿತು ಅಂತ ಅಲ್ಲ. ಕೆಲವು ಬೆಕ್ಕಿನ ಮೈ ವೈರಸ್ಸನ್ನು ಅಡಗಿಸಿ ಇಡುತ್ತದೆ. ಲ್ಯಾಬಿಗೆ ರಕ್ತ ಕಳಿಸಿ ಪಿಸಿಆರ್ ಮಾಡಿಸಿ ಖಾತ್ರಿ ಮಾಡಬೇಕು. ನನಗೆ ತಲೆಗೆ ಹೋಗದ್ದು ಬಿಳಿ ಮರಿ ವಿಷಯ. ಸೋಂಕು ಹೊಸತಾದರೆ ರಕ್ತದಲ್ಲಿ ಕಾಣಲು ಒಂದು ತಿಂಗಳವರೆಗೂ ಬೇಕಂತೆ. "ಒಟ್ಟಿಗೆ ಮಲಗಿದ ಮರಿ, ತಿಂಗಳು ಬಿಟ್ಟು ಮತ್ತೆ ನೋಡುವ, ಅಲ್ಲಿವರೆಗೆ ಯಾರಿಗೂ ಕೊಡಬೇಡಿ" ಅಂದರು ಡಾಕ್ಟರು.

ಬಿಳಿ ಮರಿಯನ್ನು ಆಚೆಮನೆಯವರಿಗೆ ಕೊಡ್ತೇನೆ ಅಂತ ಮೊದಲೇ ಹೇಳಿಯಾಗಿತ್ತು. ಅವರಲ್ಲಿ ಎರಡು ಬೆಕ್ಕುಂಟು, ಆದರೂ ಇಲಿಕಾಟ.

"ನೆಗೆಟಿವ್ ಬಂತಲ್ದೇ, ಇನ್ನೆಂತಕ್ಕೆ ಕಾಯುದು ಮಾರಾಯ್ರೇ?"

ನಾನು ಕೊಡಲಿಲ್ಲ. ಎರಡು ವಾರ ಮಾತೇ ಇರಲಿಲ್ಲ. ಮರಿಗಳನ್ನು ಬೇರೆ ಬೇರೆ ಇಟ್ಟೆ, ತಟ್ಟೆಯೂ ಬೇರೆ.

ತಿಂಗಳು ಕಳೆದು ಹೋದರೆ ಬಿಳಿ ಮರಿಗೂ ಎರಡು ಗೆರೆ. ತಾಯಿಗೂ ಮಾಡಿಸಿದೆ, ಅದಕ್ಕೂ ಎರಡು. ಲ್ಯಾಬಿನ ರಿಪೋರ್ಟೂ ಅದನ್ನೇ ಹೇಳಿತು. ಆಚೆಮನೆಯವರಿಗೆ ತೋರಿಸಿದೆ. ಓದಿ, ಏನೂ ಹೇಳದೆ ಚಾ ಕೊಟ್ಟರು.

ಈಗ ಮೂರನ್ನೂ ಸೌದೆ ಕೊಟ್ಟಿಗೆಗೆ ಬಲೆ ಕಟ್ಟಿ ಒಳಗೇ ಇಟ್ಟಿದ್ದೇವೆ. ಕರಿಯದ್ದು ಬಂಗುಡೆ ತಲೆ ಬಿಡುವುದಿಲ್ಲ. ಬಿಳಿಯದ್ದರ ತುಟಿ ಎತ್ತಿ ದಿನಾ ಬೆಳಿಗ್ಗೆ ಒಸಡು ನೋಡ್ತೇನೆ. ಇವತ್ತಿನವರೆಗೆ ಕೆಂಪೇ ಉಂಟು.