ಹಿತ್ತಲಿನ ಪರಂಗಿ

ಬಚ್ಚಲ ನೀರು ಹರಿಯುವೆಡೆ ಬಾಳೆ ನೆಡುವುದು ನಮ್ಮ ಹಿರಿಯರ ಪದ್ಧತಿ. ಬಾಳೆಗೆ ಹಿತವಾದ ಆ ತೇವವೇ ಪರಂಗಿಗೆ ಮೃತ್ಯು. ನೀರು ನಿಂತರೆ ಬುಡ ಕೊಳೆತು ಒರಗುವುದು. ಆದುದರಿಂದ ಅದನ್ನು ಎತ್ತರದ ನೆಲದಲ್ಲಿ, ಗುಣಿಗೆ 3 ಸಸಿಗಳಂತೆ ನೆಡಿರಿ. ಸಸಿಯಿರುವಾಗ ಗಂಡುಹೆಣ್ಣೆಂದು ತಿಳಿಯದು. ಉದ್ದ ತೊಟ್ಟಿನಲ್ಲಿ ಹೂಗೊಂಚಲು ಜೋತುಬಿದ್ದರೆ ಗಂಡು. ಕಾಂಡಕ್ಕಂಟಿಕೊಂಡು ದಪ್ಪ ಮೊಗ್ಗು ಬಿಟ್ಟರೆ ಹೆಣ್ಣು. ಗಂಡನ್ನೆಲ್ಲ ಕಡಿದುಬಿಡಬೇಡಿ, ಪರಾಗಕ್ಕೆ ಒಂದಾದರೂ ಇರಲಿ. ದೊಡ್ಡಪತ್ರೆಯ ಗೊಡವೆಯೇ ಇಲ್ಲ, ಕಡ್ಡಿ ಊರಿದರೆ ಸಾಕು. ಕೆಮ್ಮು ಬಂದಾಗ ನಮ್ಮ ತಾಯಿಯವರು ಅದರ ಎಲೆಯನ್ನು ಬಾಡಿಸಿ, ರಸ ಹಿಂಡಿ, ಜೇನಿನೊಡನೆ ನಮಗೆ ಕೊಡುತ್ತಿದ್ದರು, ಉಳಿದುದು ತಂಬುಳಿಗೆ.

ಈ ಹಿತ್ತಲಿಗೆ ಗಾರೆ ಹಾಕಿಸಿ ವಾಹನ ನಿಲ್ಲಿಸಬೇಕೆಂದು ಈಗ ಮಕ್ಕಳ ಅಪೇಕ್ಷೆ. ಅವರ ಕಷ್ಟವೂ ಸುಳ್ಳಲ್ಲ. ಆದರೆ ಹೆಣ್ಣುಗಿಡದಲ್ಲಿ ಕಾಯಿ ಕಟ್ಟಿದೆ. ಅವು ಹಣ್ಣಾಗುವವರೆಗೆ ಗಡುವು ಪಡೆದಿದ್ದೇನೆ.