ಗಡಸು ನೀರಿನ ನೆಂಟರು

ಬಯಲುಸೀಮೆಯ ಹೆಂಗಸರು ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಹೊರಟರೂ ಕೊನೆಗೆ ನೀರಿಗೇ ಬಂದು ನಿಲ್ಲುತ್ತದೆ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ತಲೆಗೆ ಹಾಕಿಕೊಂಡರೆ ಕೂದಲು ತೆಂಗಿನ ನಾರು. ಬಿಂದಿಗೆಯ ಒಳಗೆ ಬೆಳ್ಳಗೆ ಕಟ್ಟಿದ್ದನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ನಮ್ಮ ಕೈಯ ರೇಖೆಗಳೇ ಅಳಿಸಿಹೋಗಿವೆ. ಇನ್ನು ಜ್ಯೋತಿಷಿಗಳಿಗೆ ಏನು ತೋರಿಸೋಣ? ಇಂಥ ನೀರಿನಲ್ಲೇ ಸುಖವಾಗಿ ಸಂಸಾರ ಮಾಡುವ ಜೀವಿಯೊಂದು ಇದೆ ಎಂದರೆ ನಂಬುತ್ತೀರಾ? ಇದೆ. ಹೆಸರು ಸಿಕ್ಲಿಡ್ ಮೀನು. ತವರು ಆಫ್ರಿಕಾ.

ಶಾಲೆಯಲ್ಲಿ ಭೂಗೋಳ ಪಾಠ ಮಾಡುವಾಗ ಆಫ್ರಿಕಾದ ಭೂಪಟವನ್ನು ಎಷ್ಟು ಸಲ ಗೋಡೆಗೆ ತೂಗುಹಾಕಿದ್ದೇನೋ ಲೆಕ್ಕವಿಲ್ಲ. ಅದರ ಪೂರ್ವ ಭಾಗದಲ್ಲಿ ಮಹಾ ಸೀಳುಕಣಿವೆ ಇದೆ. ನೆಲ ಬಿರಿದು ಕುಸಿದ ಕಡೆ ನೀರು ತುಂಬಿ ಉದ್ದುದ್ದನೆಯ ಸರೋವರಗಳಾಗಿವೆ. ಒಂದು ಟಾಂಗನಿಕಾ, ಅದರ ದಕ್ಷಿಣಕ್ಕೆ ಮಲಾವಿ. ಹಳೆಯ ಅಟ್ಲಾಸುಗಳಲ್ಲಿ ಮಲಾವಿ ಸರೋವರಕ್ಕೆ ನ್ಯಾಸಾ ಎಂಬ ಹೆಸರಿದೆ. 1964ರಲ್ಲಿ ನ್ಯಾಸಾಲ್ಯಾಂಡ್ ಸ್ವತಂತ್ರವಾಗಿ ಮಲಾವಿ ದೇಶವಾಯಿತು. ಆ ಸರೋವರದ ಉದ್ದ ಸುಮಾರು 580 ಕಿಲೋಮೀಟರು. ಅಂದರೆ ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗಿ, ಬಂದು, ಮತ್ತೊಮ್ಮೆ ಹೋದಷ್ಟು. ಆಳ ಸುಮಾರು 700 ಮೀಟರು. ಅದರಲ್ಲಿ ನೂರಾರು ಜಾತಿಯ ಸಿಕ್ಲಿಡ್‌ಗಳಿವೆ; ಹೆಚ್ಚುಕಡಿಮೆ ಎಲ್ಲವೂ ಆ ಸರೋವರವನ್ನು ಬಿಟ್ಟು ಬೇರೆಲ್ಲೂ ಹುಟ್ಟಿದವಲ್ಲ. ಸರೋವರದ ದಕ್ಷಿಣ ತುದಿಯ ರಾಷ್ಟ್ರೀಯ ಉದ್ಯಾನವನ್ನು 1984ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೇ ಈ ಮೀನುಗಳ ದೆಸೆಯಿಂದ. ಬಂಡೆಗಳ ಸಂದಿಯಲ್ಲಿ ಬದುಕುವ ಬಣ್ಣದ ಪುಟ್ಟ ಸಿಕ್ಲಿಡ್‌ಗಳನ್ನು ಅಲ್ಲಿಯ ದಡದ ಜನ ಎಂಬೂನಾ ಎಂದು ಕರೆಯುತ್ತಾರೆ. ನಮ್ಮ ಮನೆಗೆ ಬಂದ ನೆಂಟರು ಇವರೇ. ಆದರೆ ಬಂದದ್ದು ಆಫ್ರಿಕಾದಿಂದಲ್ಲ. ಅಂಗಡಿಗಳಲ್ಲಿ ಸಿಗುವ ಬಹುಪಾಲು ಮೀನುಗಳು ನಮ್ಮಲ್ಲಿಯೇ ತೊಟ್ಟಿಗಳಲ್ಲಿ ಹುಟ್ಟಿ ಬೆಳೆದವು. ಚೆನ್ನೈನ ಕೊಳತ್ತೂರು ಈ ಕಸುಬಿಗೆ ಹೆಸರಾದ ಜಾಗ.

ತೊಟ್ಟಿ ಬೇಕೆಂದವರು ನಮ್ಮವರು. ನಿವೃತ್ತರಾದ ಮೇಲೆ ಪತ್ರಿಕೆ ಓದಿ ಮುಗಿಸಿದರೆ ಹನ್ನೊಂದು ಗಂಟೆ. ಆಮೇಲೆ ಸಂಜೆಯವರೆಗೆ ನೋಡಲು ಏನಾದರೂ ಬೇಕಲ್ಲ. ಹೀಗೆ ಕೆಲಸ ಹಂಚಿಕೆಯಾಯಿತು: ಮೀನು ನೋಡುವುದು ಅವರು, ನೋಡಿಕೊಳ್ಳುವುದು ನಾನು. ಕನ್ನಡದಲ್ಲಿ ಈ ಎರಡು ಕ್ರಿಯಾಪದಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ವ್ಯಾಕರಣದ ಪುಸ್ತಕ ಹೇಳುವುದಿಲ್ಲ. ಮನೆಯ ಹೆಂಗಸರನ್ನು ಕೇಳಬೇಕು.

ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆಯವರು ಮೊದಲು ತಕರಾರು ತೆಗೆದರು. "ನಡುಮನೆಯಲ್ಲಿ ಮೀನೇ? ದೇವರ ಮನೆ ಎದುರಿಗೇ?" ಈ ಮೀನುಗಳು ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುವ ಕುಲದವು, ಮಾಂಸದ ಆಹಾರ ಹೆಚ್ಚಾದರೆ ಹೊಟ್ಟೆ ಉಬ್ಬಿ ಸಾಯುತ್ತವೆ, ಇವಕ್ಕೆ ಪಾಲಕ್ ಸೊಪ್ಪು, ಸಿಪ್ಪೆ ತೆಗೆದ ಬಟಾಣಿ, ಸೌತೆಕಾಯಿ ಹಾಕಬೇಕು ಎಂದು ವಿವರಿಸಿದೆ. ಅತ್ತೆಯವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಸರಿ. ನಮ್ಮವೇ" ಎಂದರು.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಪೂರ್ತಿ ತುಂಬಿದರೆ 250 ಲೀಟರ್ ನೀರು. ನೀರು, ಕಲ್ಲು, ಗಾಜು ಎಲ್ಲ ಸೇರಿ 300 ಕಿಲೋ ದಾಟುತ್ತದೆ. ಹಳೆಯ ಮೇಜಿನ ಮೇಲೆ ಇಡುವ ವಸ್ತುವಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮೇಲೆ ಹಲಗೆ, ಅದರ ಮೇಲೆ ಥರ್ಮೋಕೋಲ್ ಹಾಸಿ ಕೂರಿಸಿದೆವು. ಎಂಬೂನಾಗಳು ಮರಳು ತೋಡುವ ಜಾತಿ. ಆದ್ದರಿಂದ ಮೊದಲು ಕಲ್ಲು ಜೋಡಿಸಿ, ಆಮೇಲೆ ಸುತ್ತ ಮರಳು ಸುರಿಯಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಅವು ಬುಡ ಕೆದರಿ ಕಲ್ಲನ್ನು ಗಾಜಿನ ಮೇಲೆ ಉರುಳಿಸುತ್ತವೆ. ಸುಣ್ಣದ ಕಲ್ಲು ಸಿಕ್ಕರೆ ಒಳ್ಳೆಯದು, ನೀರಿನ ಕ್ಷಾರಗುಣ ಕಾಯುತ್ತದೆ. ವಿನೆಗರ್ ಹನಿ ಹಾಕಿದಾಗ ನೊರೆ ಬಂದರೆ ಅದು ಸುಣ್ಣದ ಕಲ್ಲು. ನೊರೆ ಬರದ ನಮ್ಮ ದುರ್ಗದ ಕಗ್ಗಲ್ಲೂ ಆಗುತ್ತದೆ.

ಮಲಾವಿಯ ನೀರಿನ ಪಿಎಚ್ ಸುಮಾರು 7.7ರಿಂದ 8.6, ಟಾಂಗನಿಕಾದ್ದು ಇನ್ನೂ ಹೆಚ್ಚು, ಇನ್ನೂ ಗಡಸು. ಮಕ್ಕಳ ಆಟಿಕೆಯಂಥ ಪರೀಕ್ಷಾ ಪೆಟ್ಟಿಗೆಯಲ್ಲಿ ನಮ್ಮ ಬೋರ್‌ವೆಲ್ ನೀರಿಗೆ ಹನಿ ಹಾಕಿ ನೋಡಿದೆ. 8.0. ಅಡುಗೆಮನೆಯಲ್ಲಿ ಸಾವಿರಾರು ರೂಪಾಯಿಯ ಯಂತ್ರವಿಟ್ಟು ಯಾವ ಖನಿಜಗಳನ್ನು ನೀರಿನಿಂದ ಸೋಸಿ ಚೆಲ್ಲುತ್ತೇವೋ ಅವೇ ಈ ಮೀನುಗಳಿಗೆ ಬೇಕಾದವು. ಯಂತ್ರದ ಶುದ್ಧ ನೀರು ಇವಕ್ಕೆ ಒಗ್ಗುವುದಿಲ್ಲ. ಬೋರಿನ ನೀರನ್ನು ಒಂದು ದಿನ ಡ್ರಮ್ಮಿನಲ್ಲಿಟ್ಟು ಗಾಳಿ ಗುಳ್ಳೆ ಬಿಟ್ಟರೆ ಸಾಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಿಸಿಯೇ ಹಾಕಬೇಕು.

ಕಲ್ಲು, ಮರಳು, ನೀರು, ದೀಪ, ಫಿಲ್ಟರು ಎಲ್ಲ ಸಿದ್ಧವಾಯಿತು. ನಮ್ಮವರು ಚೀಲ ಹಿಡಿದು ಮೀನು ತರಲು ಹೊರಟರು. ನಾನು ಬಿಡಲಿಲ್ಲ. ಆರು ವಾರ ಮೀನಿಲ್ಲದ ತೊಟ್ಟಿ ಓಡಬೇಕು. ಏಕೆಂದರೆ ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತದೆ. ಕ್ಷಾರದ ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ; ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದನ್ನು ಮೀನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಈ ಕಣ್ಣಿಗೆ ಕಾಣದ ಕೆಲಸಗಾರರು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೈಮೇಲೆ ಬಂದು ನೆಲೆಸುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ದಿನಾ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕುತ್ತಿದ್ದೆ. ಅದು ಕೊಳೆತು ಅವರಿಗೆ ಊಟವಾಗಬೇಕು. ಬಂದವರೆಲ್ಲ, "ಮೀನೆಲ್ಲಿ ಟೀಚರ್?" ಎಂದು ಬಗ್ಗಿ ನೋಡಿ, ಕಾಣದ ಮೀನಿಗೆ ಊಟ ಹಾಕುವ ನನ್ನನ್ನೂ ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಹೋಗುತ್ತಿದ್ದರು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ಪರೀಕ್ಷೆ ತೋರಿಸಿದ ದಿನ ಮನೆಯಲ್ಲಿ ಸಂತೋಷಪಟ್ಟವಳು ನಾನೊಬ್ಬಳೇ. ಮನೆಗೆಲಸವೂ ಹೀಗೆಯೇ ಅಲ್ಲವೇ? ನಡೆಯುತ್ತಿರುವಾಗ ಕಾಣುವುದಿಲ್ಲ, ನಿಂತ ದಿನ ನಾರುತ್ತದೆ.

ಕೊನೆಗೆ ಮೀನುಗಳು ಬಂದವು. ಅರಿಸಿನದಂಥ ಹಳದಿ ಲ್ಯಾಬಿಡೋಕ್ರೋಮಿಸ್ ಎಂಟು, ಕಂದು ನೇರಳೆಯ ರಸ್ಟಿ ಸಿಕ್ಲಿಡ್ ಆರು. ಎಂಬೂನಾಗಳಲ್ಲಿ ಇವು ಸ್ವಲ್ಪ ಸೌಮ್ಯ. ಸೌಮ್ಯವೆಂದರೂ ಜಗಳ ತಪ್ಪಿದ್ದಲ್ಲ. ಪ್ರತಿಯೊಂದು ಗಂಡಿಗೂ ಒಂದೊಂದು ಸಂದಿ ಬೇಕು, ಬೇರೆಯವರು ತಲೆ ಹಾಕಕೂಡದು. ದುರ್ಗದ ಹುಡುಗಿಯರಿಗೆ ಹೇಳಬೇಕೆ? ಪ್ರತಿಯೊಂದೂ ಓಬವ್ವನ ಕಿಂಡಿ; ಒನಕೆ ಮಾತ್ರ ಇಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಕಾಟ ಒಂದರ ಮೇಲೆಯೇ ಬೀಳುವುದಿಲ್ಲ. ಜಗಳ ಮಿತಿಮೀರಿದರೆ ಕಲ್ಲುಗಳ ಜಾಗ ಬದಲಿಸಿದರಾಯಿತು. ಎಲ್ಲರ ಖಾತೆ ಪಹಣಿ ಒಟ್ಟಿಗೇ ರದ್ದಾಗಿ ಎಲ್ಲರೂ ಹೊಸದಾಗಿ ಮನೆ ಹುಡುಕಿಕೊಳ್ಳುತ್ತಾರೆ.

ಭಾನುವಾರದ ಕೆಲಸ ಇಷ್ಟು: ಕಾಲು ಭಾಗ ನೀರು ತೆಗೆದು ಹೊಸದು ಹಾಕುವುದು, ಮರಳಿನ ಮೇಲಿನ ಕಸ ಪೈಪಿನಿಂದ ಎಳೆಯುವುದು, ತಿಂಗಳಿಗೊಮ್ಮೆ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡುವುದು. ನಲ್ಲಿಯ ಕೆಳಗೆ ಹಿಡಿದು ಫಳಫಳ ತೊಳೆದರೆ ಕ್ಲೋರಿನ್‌ಗೆ ಸಿಕ್ಕಿ ಒಳಗಿನ ಕೆಲಸಗಾರರು ಸಾಯುತ್ತಾರೆ. ತೆಗೆದ ನೀರು ದಾಸವಾಳದ ಗಿಡಕ್ಕೆ. ನೀರಿನ ಶಾಖ 24ರಿಂದ 27 ಡಿಗ್ರಿ ಇರಬೇಕು. ನಮ್ಮ ಏಪ್ರಿಲ್ ಕೇಳಬೇಕೆ! ತೊಟ್ಟಿಯ ಮುಚ್ಚಳ ತೆಗೆದು, ಮೇಲೆ ಜಾಲರಿ ಹಾಸಿ, ಪುಟ್ಟ ಫ್ಯಾನು ಹಚ್ಚಿಟ್ಟರೆ ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ತಣಿಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಕರೆಂಟು ಹೋದಾಗ ಬ್ಯಾಟರಿಯ ಗಾಳಿ ಪಂಪು ಕೈಗೆ ಸಿಗುವಂತಿರಬೇಕು.

ಏಳೆಂಟು ತಿಂಗಳು ಕಳೆದಿರಬೇಕು. ಒಂದು ದಿನ ಅತ್ತೆಯವರು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡವರು ಕೂಗಿದರು. "ಏನೇ ಇದು, ಒಂದು ಹಳದಿ ಮೀನು ಬಾಯಿ ತುಂಬ ಎಲೆಅಡಿಕೆ ಹಾಕ್ಕೊಂಡ ಹಾಗೆ ನಿಂತಿದೆ?"

ಹೋಗಿ ನೋಡಿದೆ. ಗದ್ದ ಇಳಿಬಿದ್ದು ಉಬ್ಬಿತ್ತು. ಕಲ್ಲಿನ ಮರೆಯಲ್ಲಿ ನಿಂತು ಆಗಾಗ ಮೆಲುಕು ಹಾಕುವಂತೆ ಬಾಯಾಡಿಸುತ್ತಿತ್ತು. ಬಸುರಿ ಎನ್ನಲೋ ಬಾಣಂತಿ ಎನ್ನಲೋ! ಈ ಮೀನುಗಳಲ್ಲಿ ಹೆಣ್ಣು ಮೊಟ್ಟೆ ಇಟ್ಟ ತಕ್ಷಣ ಬಾಯಿಗೆ ಎತ್ತಿಕೊಳ್ಳುತ್ತದೆ. ಗಂಡಿನ ಹಿಂಬದಿಯ ರೆಕ್ಕೆಯ ಮೇಲೆ ಮೊಟ್ಟೆಯಂಥದೇ ಚುಕ್ಕೆಗಳಿರುತ್ತವೆ. ಅವನ್ನೂ ಮೊಟ್ಟೆಯೆಂಬಂತೆ ಎತ್ತಿಕೊಳ್ಳಲು ಹೋದಾಗ ಗಂಡಿನ ಬೀಜ ಬಾಯಿಗೆ ಸೇರಿ ಮೊಟ್ಟೆ ಫಲಿಸುತ್ತದೆ. ಅಲ್ಲಿಗೆ ಗಂಡಿನ ಕೆಲಸ ಮುಗಿಯಿತು. ಮುಂದೆ ಸುಮಾರು ಮೂರು ವಾರ ಮೊಟ್ಟೆ, ಮರಿ ಎಲ್ಲವೂ ತಾಯಿಯ ಬಾಯೊಳಗೇ. ಅಷ್ಟು ದಿನ ಹೆಚ್ಚುಕಡಿಮೆ ಉಪವಾಸ.

ಈ ಸುದ್ದಿ ಕೇಳಿ ನಮ್ಮವರಿಗೆ ರೋಮಾಂಚನವಾಯಿತು. "ತಾಯಿಯ ತ್ಯಾಗ ಎಂದರೆ ಇದು!" ಎಂದು ಮೊಬೈಲಿನಲ್ಲಿ ಚಿತ್ರ ತೆಗೆದು ಬಂಧುಗಳಿಗೆಲ್ಲ ಕಳಿಸಿದರು. ಗಂಟೆಯೊಳಗೆ ನಲವತ್ತು ಮಂದಿ ಕೈಮುಗಿದರು. ಅಷ್ಟರಲ್ಲಿ ಮೀನಿನ ಹೊಟ್ಟೆ ಒಳಗೆ ಹೋಗಿ, ತಲೆಯೇ ದೊಡ್ಡದಾಗಿ ಕಾಣುತ್ತಿತ್ತು. ಸಂದಿಯಿಂದ ಹೊರಗೆ ಬಂದರೆ ಗಂಡುಗಳು ಅಟ್ಟಿಸಿಕೊಂಡು ಬರುತ್ತಿದ್ದವು.

ಅತ್ತೆಯವರು ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದವರು, "ಹೊಗಳಿದರೆ ಅದರ ಹೊಟ್ಟೆ ತುಂಬುತ್ತದೇನೋ?" ಎಂದರು ಮಗನಿಗೆ. ಆಮೇಲೆ, ತೊಟ್ಟಿಯ ಕಡೆಗೇ ಮುಖ ಮಾಡಿಕೊಂಡು, ಮೂವತ್ತು ವರ್ಷದ ಒಡನಾಟದಲ್ಲಿ ನನಗೆ ಒಂದು ದಿನವೂ ಹೇಳದ ಮಾತು ಹೇಳಿದರು. "ಮೂರನೇ ಹೆರಿಗೆ ಹೊತ್ತಿಗೆ ನಮ್ಮಮ್ಮ ಹೋಗಿದ್ದಳು. ತವರಿನಿಂದ ಯಾರೂ ಕರೆಯಲಿಲ್ಲ. ಇಲ್ಲೇ ಆಯಿತು. ಹನ್ನೊಂದನೇ ದಿನ ಪುರುಡು ಕಳೀತು, ಹನ್ನೆರಡನೇ ದಿನ ಬಾವಿ ಹಗ್ಗ ಹಿಡಿದೆ. ಮನೆ ಮಂದಿಯೆಲ್ಲ ಗಟ್ಟಿಗಿತ್ತಿ ಅಂದರು. ಆ ಒಂದು ಮಾತಿಗೆ ನನ್ನ ಸೊಂಟ ಇವತ್ತಿಗೂ ಬಡ್ಡಿ ಕಟ್ಟುತ್ತಾ ಇದೆ."

ಆ ಮೂರನೆಯ ಮಗು ನಮ್ಮವರು. ಅವರ ಕೈಯಲ್ಲಿದ್ದ ಪತ್ರಿಕೆಯ ಪುಟ ಬಹಳ ಹೊತ್ತು ಮಗುಚಲಿಲ್ಲ.

ಎರಡು ಅಡಿಯ ಇನ್ನೊಂದು ಪುಟ್ಟ ತೊಟ್ಟಿ ಬಂತು. ತಂದವರು ನಮ್ಮವರೇ. ದೊಡ್ಡ ತೊಟ್ಟಿಯ ನೀರನ್ನೇ ತುಂಬಿ, ಅಲ್ಲಿ ಪಳಗಿದ ಸ್ಪಂಜನ್ನೇ ಹಾಕಿ, ಅಡ್ಡಲಾಗಿ ಒಂದು ಮಣ್ಣಿನ ಕುಂಡ ಮಲಗಿಸಿದೆವು. ಹದಿನೆಂಟನೆಯ ದಿನ ರಾತ್ರಿ, ದೀಪ ಆರಿಸಿ ಮೀನುಗಳು ಮಂಕಾಗಿರುವಾಗ ತಾಯಿಯನ್ನು ಮೆಲ್ಲಗೆ ಅಲ್ಲಿಗೆ ಬಿಟ್ಟೆ. ಹೆದರಿದರೆ ಮರಿಗಳನ್ನು ಉಗುಳಿಬಿಡುತ್ತದೆ. ಅತ್ತೆಯವರು ಅದಕ್ಕೆ ತವರುಮನೆ ಎಂದು ಹೆಸರಿಟ್ಟರು. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕುಂಡದ ಸುತ್ತ ಹದಿನೇಳು ಮರಿಗಳು, ಒಂದೊಂದೂ ಸೆಂಟಿಮೀಟರಿನಷ್ಟು, ಆಗಲೇ ಹಳದಿಯ ಛಾಯೆ.

ಮರಿ ಬಿಟ್ಟ ಕೂಡಲೇ ತಾಯಿಯನ್ನು ಹಿಂದಕ್ಕೆ ಹಾಕಿಬಿಡುವವರಿದ್ದಾರೆ. ಬಡಕಲಾದ ಹೆಣ್ಣು ಆ ಗದ್ದಲದಲ್ಲಿ ಊಟ ಕಸಿದುಕೊಳ್ಳಲಾರದೆ, ಗಂಡುಗಳ ಕಾಟ ತಾಳಲಾರದೆ ಸಾಯುವುದುಂಟು. ಮರಿಗಳಿಗೂ ತಾಯಿಗೂ ನಡುವೆ ಜಾಲರಿ ಹಾಕಿ, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿದೆ. ಒಂದೇ ಸಲ ಹೆಚ್ಚು ಹಾಕುವಂತಿಲ್ಲ, ಉಪವಾಸವಿದ್ದ ಕರುಳು. ವಾರ ಹತ್ತು ದಿನ ಸಾಕು ಎಂದೆ. ಅತ್ತೆಯವರು ಒಪ್ಪಲಿಲ್ಲ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಪೂರ್ತಿ ಒಂದು ತಿಂಗಳು ಬಾಣಂತನ ಮಾಡಿಸಿದರು. ಮೀನು ದುಂಡಗಾಗಿ, ಬಣ್ಣ ಏರಿ, ದೊಡ್ಡ ತೊಟ್ಟಿಗೆ ಹಿಂತಿರುಗಿದ ದಿನ ಮೊದಲು ಅಟ್ಟಿಸಲು ಬಂದ ಗಂಡಿಗೆ ತಾನೇ ಒಂದು ಸಲ ಎದುರು ತಿರುಗಿತು.

ಮರಿಗಳು ಬೆಳೆದ ಮೇಲೆ ಕೆಲವನ್ನು ತೊಟ್ಟಿ ಇದ್ದವರಿಗೆ ಕೊಟ್ಟೆವು, ಕೆಲವು ಅಂಗಡಿಗೆ ಹೋದವು. ಕೆರೆಗೆ ಬಿಡೋಣವೆಂದ ಪಕ್ಕದ ಮನೆಯ ಹುಡುಗನಿಗೆ ಪಾಠವನ್ನೇ ಮಾಡಬೇಕಾಯಿತು. ಆಫ್ರಿಕಾದ ಇನ್ನೊಂದು ಸಿಕ್ಲಿಡ್ ತಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೆ ಬಂದು ಕೆರೆ ಕೆರೆಗಳಲ್ಲಿ ನಾಡಮೀನುಗಳ ಜಾಗ ಹಿಡಿದಿದೆ. ಅತ್ತ ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ಬಿಟ್ಟ ನೈಲ್ ಪರ್ಚ್ ಎಂಬ ದೊಡ್ಡ ಮೀನು, ಮಿಕ್ಕ ಕಾರಣಗಳೂ ಸೇರಿ, ಅಲ್ಲಿಯ ಸಿಕ್ಲಿಡ್‌ಗಳಲ್ಲಿ ನೂರಾರು ಜಾತಿಗಳನ್ನೇ ಇಲ್ಲವಾಗಿಸಿತು. ಸಾಕಿದ ಮೇಲೆ ಕೊನೆಯವರೆಗೂ ನಮ್ಮ ಹೊಣೆ.

ಈಚೆಗೆ ಭಾನುವಾರದ ಬಕೆಟ್ಟು ನಮ್ಮವರ ಕೈಗೆ ಹೋಗಿದೆ. ಯಾರೂ ಹೇಳಲಿಲ್ಲ, ಅವರೇ ಎತ್ತಿಕೊಂಡರು. ಮೊದಲ ದಿನ ಪಂಚೆ ಮೇಲೆ ಕಟ್ಟಿ, ಫಿಲ್ಟರಿನ ಸ್ಪಂಜು ಹಿಡಿದು ಬಚ್ಚಲಲ್ಲಿ ನಿಂತು, "ಇದನ್ನು ಯಾವ ನೀರಿನಲ್ಲಿ ತೊಳೆಯಬೇಕು?" ಎಂದು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ನಡುಮನೆಯ ಕುರ್ಚಿಯಿಂದ ಅತ್ತೆಯವರ ದನಿ ಬಂತು. "ಹಳೇ ನೀರಲ್ಲೋ. ಮೆಲ್ಲಗೆ ಹಿಂಡು. ಒಳಗೆ ಕೆಲಸ ಮಾಡೋರಿದಾರೆ."