ಭಂಡಿಗಡಿಯ ಹುಡುಗ ಮತ್ತು ಹ್ಯಾಕರ್‌ಗಳ ಜಾತ್ರೆ

ಕೊಪ್ಪ ತಾಲ್ಲೂಕಿನ ಭಂಡಿಗಡಿಯನ್ನು ಹುಡುಕಿಕೊಂಡು ಹೋಗುವ ಬಯಲುಸೀಮೆಯವರಿಗೆ ‘ಊರೆಲ್ಲಿದೆ?’ ಎಂದು ಕೇಳಬೇಕೆನಿಸೀತು. ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲು ಮಲೆನಾಡಿನ ಈ ಭಾಗದಲ್ಲಿ ಅಪರೂಪ. ಅಡಿಕೆ ತೋಟದ ತಲೆಯಲ್ಲೊಂದು ಮನೆ, ಗದ್ದೆ ದಾಟಿ ಗುಡ್ಡದ ಮಗ್ಗುಲಿಗೆ ಇನ್ನೊಂದು. ಮಳೆಗಾಲದಲ್ಲಿ ನೆರೆಮನೆಯವರ ಮುಖ ಕಾಣದೆ ದಿನಗಳು ಕಳೆದುಹೋಗುವುದುಂಟು. ಇಂಥ ಕಡೆ ಬೆಳೆದ ಮಕ್ಕಳು ಮಾತು ಕಡಿಮೆಯವರಾದರೆ ಆಶ್ಚರ್ಯವೇನಿಲ್ಲ. ಆದರೆ ಆ ಮಕ್ಕಳು ಬೆಂಗಳೂರಿನ ಕಾಲೇಜು ಸೇರಿದೊಡನೆ ಅದೇ ಗುಣ ದೊಡ್ಡ ಕೊರತೆಯಾಗಿಬಿಡುತ್ತದೆ.

2012ರ ಡಿಸೆಂಬರ್ 2, ಭಾನುವಾರ ಬೆಳಿಗ್ಗೆ ಕೊಪ್ಪದ ನಿಲ್ದಾಣದಲ್ಲಿ ರಾತ್ರಿ ಬಸ್ಸಿನಿಂದ ಇಳಿದ ಭಂಡಿಗಡಿಯ ಇಂಜಿನಿಯರಿಂಗ್ ವಿದ್ಯಾರ್ಥಿ ಅಂಥವನೇ. ಹಿಂದಿನ ಮೂರು ದಿನ ಅವನು ಇದ್ದದ್ದು ಬೆಂಗಳೂರಿನ ನಿಮ್ಹಾನ್ಸ್ ಸಭಾಭವನದಲ್ಲಿ, ‘ಫಾಸ್.ಇನ್’ ಸಮ್ಮೇಳನದಲ್ಲಿ.

2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಶುರುವಾದ ಈ ಕೂಟ 2005ರಲ್ಲಿ ಹೆಸರು ಬದಲಿಸಿಕೊಂಡಿತು. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವನ್ನು ಬರೆಯುವವರ ಜಾತ್ರೆ ಅದು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಅತುಲ್ ಚಿಟ್ನಿಸ್. ಬಂದವರು ಭಾಷಣ ಕೇಳಿ ಹೋದರೆ ಸಾಲದು, ಕೂತು ಕೋಡ್ ಬರೆಯಬೇಕೆಂಬುದು ನಂತರದ ವರ್ಷಗಳಲ್ಲಿ ಅಲ್ಲಿನ ಹಟ.

‘ಹ್ಯಾಕರ್’ ಎಂದೊಡನೆ ತಂದೆತಾಯಿಗಳಿಗೆ ಪೊಲೀಸರ ನೆನಪಾಗುವುದು ಸಹಜವೇ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಕಲಮು ಆ ಮಾತನ್ನು ಅಪರಾಧದ ಹೆಸರಾಗಿಯೇ ಬಳಸಿತ್ತು. 2008ರ ತಿದ್ದುಪಡಿಯಲ್ಲಿ ಅದನ್ನು ಕೈಬಿಡಲಾಯಿತು. ಅಮೆರಿಕದ ಎಂಐಟಿಯಲ್ಲಿ ಆಟದ ರೈಲಿನ ಸಂಘ ಕಟ್ಟಿಕೊಂಡಿದ್ದ ಹುಡುಗರ ಬಾಯಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿತ್ತು: ಯಂತ್ರವನ್ನು ಬಿಚ್ಚಿ, ಒಳಗೇನಿದೆಯೆಂದು ತಿಳಿದು, ಜಾಣತನದಿಂದ ಹೊಸದೇನನ್ನೋ ಮಾಡುವವನು. ಆ ಲೆಕ್ಕದಲ್ಲಿ ಮೂಡಿಗೆರೆಯ ತೋಟದಲ್ಲಿ ಕೂತು ಕ್ಯಾಮೆರಾ, ಸ್ಕೂಟರುಗಳನ್ನು ಬಿಚ್ಚಿ ಜೋಡಿಸುತ್ತ, ಕನ್ನಡಕ್ಕೆ ತಂತ್ರಾಂಶ ಬೇಕೆಂದು ಹೋರಾಡಿದ ಪೂರ್ಣಚಂದ್ರ ತೇಜಸ್ವಿ ಚಿಕ್ಕಮಗಳೂರು ಜಿಲ್ಲೆಯ ದೊಡ್ಡ ಹ್ಯಾಕರ್. ಸಭೆ ಸಮಾರಂಭಗಳೆಂದರೆ ಅವರೂ ದೂರವೇ.

ಹುಡುಗ ಮೊದಲೆರಡು ದಿನ ಯಾರನ್ನೂ ಮಾತಾಡಿಸಲಿಲ್ಲ. ಊಟದ ಹೊತ್ತಿಗೆ ಗುಂಪುಗಳು ತಾವಾಗಿಯೇ ಕಟ್ಟಿಕೊಳ್ಳುತ್ತಿದ್ದವು. ಅವನು ತಟ್ಟೆ ಹಿಡಿದು ಕಂಬದ ಪಕ್ಕ ನಿಲ್ಲುತ್ತಿದ್ದ. ಭಾಷಣಗಳಿಗಿಂತ ಎರಡು ಭಾಷಣಗಳ ನಡುವಿನ ಬಿಡುವು ಅವನಿಗೆ ಕಷ್ಟವಾಗಿತ್ತು. ಚಹಾ ಮುಗಿದ ಮೇಲೂ ಖಾಲಿ ಲೋಟ ಕೈಯಲ್ಲೇ ಇರುತ್ತಿತ್ತು, ಕೈಗೊಂದು ಕೆಲಸ ಬೇಕಲ್ಲ.

ಕೊನೆಯ ಸಂಜೆ ಬ್ಯಾನರುಗಳನ್ನು ಸುತ್ತುತ್ತಿದ್ದರು. ವೈರು ಸುತ್ತುತ್ತಿದ್ದ ಸ್ವಯಂಸೇವಕರೊಬ್ಬರು ‘ಆ ತುದಿ ಸ್ವಲ್ಪ ಹಿಡ್ಕೊಳ್ತೀರಾ?’ ಎಂದರು. ಹಿಡಿದುಕೊಂಡ. ಕೈ ಕೆಲಸದಲ್ಲಿದ್ದಾಗ ಬಾಯಿಯೂ ತುಸು ಸಡಿಲವಾಗುತ್ತದೆ. ಅಡಿಕೆ ಸುಲಿಯುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಕಂಪ್ಯೂಟರಿನ ಕನ್ನಡ ಪರದೆಯಲ್ಲಿ ಒಂದು ಪದ ತಪ್ಪಾಗಿ ಬಂದದ್ದನ್ನು ಅವನು ತಿಂಗಳುಗಳಿಂದ ನೋಡಿದ್ದ. ಅದನ್ನು ಯಾರಿಗೆ ಹೇಳಬೇಕೆಂದು ಕೇಳಿದ.

‘ಹೇಳೋದ್ಯಾಕೆ? ನೀವೇ ತಿದ್ದಿ ಕಳಿಸಿ’ ಎಂದರು ಅವರು. ಎಲ್ಲಿಗೆ, ಹೇಗೆ ಎಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಅಷ್ಟು ಹೊತ್ತಿಗೆ ದೀಪ ಆರಿಸತೊಡಗಿದ್ದರು.

ಬಸ್ಸಿನಲ್ಲಿ ಅವನಿಗೆ ನಿದ್ದೆ ಬರಲಿಲ್ಲ. ಮೂರು ದಿನದಲ್ಲಿ ಆಡಿದ್ದು ಹತ್ತು ನಿಮಿಷ, ಅದೂ ಎಲ್ಲ ಮುಗಿದ ಮೇಲೆ. ಮೊದಲ ದಿನವೇ ವೈರು ಹಿಡಿದಿದ್ದರೆ? ಮುಂದಿನ ವರ್ಷ ಸ್ವಯಂಸೇವಕನಾಗಿಯೇ ಹೋಗಬೇಕು, ಆಗ ಮಾತು ಹುಡುಕುವ ಕಷ್ಟವಿರುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದ.

ಮನೆಯಂಗಳದಲ್ಲಿ ಕೊಯ್ಲಿನ ಅಡಿಕೆ ಬಿದ್ದಿತ್ತು. ‘ಎಂತ ಕಲ್ತೆ ಮೂರು ದಿನ? ಯಾರನ್ನಾದ್ರೂ ಮಾತಾಡ್ಸಿದ್ಯಾ?’ ಎಂದರು ಅಪ್ಪಯ್ಯ.

‘ಒಬ್ಬರನ್ನ.’

‘ಸಾಕು ಬಿಡು’ ಎಂದು ಅವರು ಸುಲಿಯಲು ಕೂತರು. ಇದಕ್ಕಿಂತ ಹೆಚ್ಚಿನ ಸಮಾಧಾನವನ್ನು ಯಾವ ವ್ಯಕ್ತಿತ್ವ ವಿಕಸನ ಶಿಬಿರವೂ ಕೊಡಲಾರದು ಅನ್ನಿ.

ಆ ರಾತ್ರಿ ತಿದ್ದುಪಡಿ ಸಿದ್ಧವಾಯಿತು, ಆದರೆ ಕರೆಂಟು ಹೋಗಿತ್ತು. ಮರುದಿನ ಕೊಪ್ಪಕ್ಕೆ ಹೋಗಿ ಕಳಿಸಿದ. ಕೆಲವು ವಾರಗಳ ನಂತರ ಒಪ್ಪಿಗೆಯೂ ಬಂತು. ಅವನು ತಿದ್ದಿದ್ದು ಒಂದೇ ಪದ. ಅವನ ಮುಖ ಕಾಣದವರ ಪರದೆಯ ಮೇಲೂ ಅದು ಈಗ ಸರಿಯಾಗಿ ಮೂಡುತ್ತಿತ್ತು.

ಮುಂದಿನ ವರ್ಷ ಮಾತ್ರ ಬರಲಿಲ್ಲ. 2012ರದ್ದೇ ಕೊನೆಯ ಫಾಸ್.ಇನ್ ಆಯಿತು. 2013ರ ಜೂನ್ 3ರಂದು ಅತುಲ್ ಚಿಟ್ನಿಸ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ 51 ವರ್ಷ. ಭಂಡಿಗಡಿಯ ಹುಡುಗ ಅವರೊಡನೆ ಒಂದು ಮಾತೂ ಆಡಿರಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಅದೇ ನಿಮ್ಹಾನ್ಸ್ ಸಭಾಭವನದಲ್ಲಿ ‘ಇಂಡಿಯಾಫಾಸ್’ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಸಮ್ಮೇಳನ ನಡೆಯಿತು. ಅವನೂ ಹೋಗಿದ್ದ. ಎರಡನೆಯ ಸಂಜೆ, ಖಾಲಿ ಲೋಟ ಹಿಡಿದು ಕಂಬದ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಕಂಡಳು. ಏನು ಮಾತಾಡಿಸಬೇಕೆಂದು ಅವನಿಗೆ ಈಗಲೂ ತಿಳಿಯಲಿಲ್ಲ. ಸುತ್ತುತ್ತಿದ್ದ ಬ್ಯಾನರಿನ ಒಂದು ತುದಿಯನ್ನು ಅವಳತ್ತ ಚಾಚಿದ.